ಆಚೆ ಕಡೆಯವರು

ಉಗುರಿನ ಸಂದಿಯ ಬಿಳಿ ಪುಡಿ ಹೋಗುತ್ತಿರಲಿಲ್ಲ. ಮಗಳು ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಬಿಸಿನೀರಿನಲ್ಲಿ ಅದ್ದಿ, ಅಮ್ಮನ ತೋರುಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡು, ಉಗುರಿನ ಅಡಿಗೆ ಮೆಲ್ಲಗೆ ತಿಕ್ಕಿದಳು. ಸ್ವಲ್ಪ ಬಂತು. ಒಳಗೆ ಇನ್ನೂ ಇತ್ತು. ಸೀಲಿಂಗಿಗೆ ಹೊಡೆಯುವ ಹಲಗೆಯ ಪುಡಿ ಅದು. ಬೆವರಿನಲ್ಲಿ ಕಲಸಿಕೊಂಡು ಒಣಗಿದರೆ ಗಾರೆಯ ಹಾಗೆ ಕೂತುಬಿಡುತ್ತದೆ.

"ಸಾಕು ಬಿಡೇ," ಅಂದಳು ಚಿಕ್ಕಮ್ಮ. ಅವಳು ಅಮ್ಮನ ತಂಗಿ. ಮಂಚದ ಇನ್ನೊಂದು ಬದಿಯಲ್ಲಿ ಕೂತು ಅಕ್ಕನ ಕೂದಲು ಬಾಚುತ್ತಿದ್ದಳು. "ನಿನ್ನ ಮದುವೆಗೇ ಹೋಗದ ಪುಡಿ, ಈಗ ಹೋಗುತ್ತಾ? ಅವತ್ತು ಇಡೀ ದಿನ ಕೈಗೆ ಕರವಸ್ತ್ರ ಸುತ್ಕೊಂಡು ಓಡಾಡಿದ್ಲು. ಕೇಳಿದೋರಿಗೆಲ್ಲ ಕೈ ಸುಟ್ಕೊಂಡಿದೀನಿ ಅಂದ್ಲು."

"ಫೋಟೋದಲ್ಲೂ ಹಾಗೇ ಇದೆ."

"ಇರುತ್ತೆ. ಬೀಗರು ಮುಲಾಮು ಬೇರೆ ತಂದುಕೊಟ್ರು."

ಮಗಳಿಗೆ ನಗು ಬಂತು. ನಕ್ಕ ಮೇಲೆ ಬ್ರಷ್ಷನ್ನು ನೀರಿನ ಬಟ್ಟಲಿಗೆ ಹಾಕಿ, ಅಮ್ಮನ ಕೈಯನ್ನು ಒರೆಸಿ, ಎದೆಯ ಮೇಲೆ ಇಟ್ಟಳು. ಕೈ ಸಣ್ಣದು. ಬೆರಳ ಗಿಣ್ಣುಗಳು ಮಾತ್ರ ದಪ್ಪ, ಹತ್ತಾರು ಕಡೆ ಗೀರಿದ ಗುರುತು.

ಚಿಕ್ಕಮ್ಮ ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆರಳಿಗೆ ಸುತ್ತುತ್ತ ಕೇಳಿದಳು. "ಅವನಿಗೆ ಹೇಳಿದ್ಯಾ?"

"ಯಾರಿಗೆ?"

"ಯಾರಿಗೆ ಅಂದ್ರೆ."

"ಅವನೇ ಚಿಕ್ಕಮ್ಮ ನನಗೆ ಹೇಳಿದ್ದು."

ಹಿಂದಿನ ದಿನ ಮಧ್ಯಾಹ್ನ ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಬಾಗಿಲ ಪಕ್ಕದ ತನ್ನ ಮೇಜಿನಲ್ಲಿ ಕೂತಿದ್ದಳು. ಒಬ್ಬರು ಮುದುಕರು ದವಡೆ ಹಿಡಿದುಕೊಂಡು ಎದುರಿಗೆ ನಿಂತಿದ್ದರು. ಫೋನಿನಲ್ಲಿ ಅಮ್ಮ ಎಂದು ಬಂತು. "ಬೇಗ ಹೇಳಮ್ಮ, ಜನ ಇದ್ದಾರೆ," ಅಂದಳು. ಆ ಕಡೆಯಿಂದ ಬಂದದ್ದು ಅವಳು ವರ್ಷಗಟ್ಟಲೆ ಕೇಳದಿದ್ದ ಗಂಡಸಿನ ದನಿ. "ನಾನು," ಅಂದಿತು ಅದು. "ನನ್ನ ಫೋನಿಂದ ಮಾಡಿದ್ರೆ ನೀನು ತೆಗೀತಿರಲಿಲ್ಲ. ಅದಕ್ಕೇ ಅತ್ತೇದ್ರಿಂದ ಮಾಡ್ದೆ." ಅತ್ತೆ ಎಂಬ ಮಾತು ಕೇಳಿದಾಗಲೇ ಅವಳಿಗೆ ಮುಂದಿನದು ತಿಳಿದುಹೋಯಿತು.

---

ತೀರಿಕೊಂಡವಳು ಕೇಬಲ್ ಎಳೆಯುವ ಕೆಲಸಕ್ಕೆ ಇಳಿದದ್ದು ಗಂಡ ಹೋದ ಮೇಲೆ. ಗಂಡ ಎಲೆಕ್ಟ್ರಿಷಿಯನ್. ಅವನು ಏಣಿಯ ಮೇಲೆ, ಅವಳು ಏಣಿಯ ಬುಡದಲ್ಲಿ. ಹಾಗೆ ಬಹಳ ಕಾಲ ನಡೆದಿತ್ತು. ಅವನು ಮೇಲಿನಿಂದ ಸುಮ್ಮನೆ ಕೈ ಚಾಚುತ್ತಿದ್ದ. ಯಾವುದು ಬೇಕೆಂದು ಅವನೂ ಹೇಳುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ. ಕೈಗೆ ಬಂದದ್ದು ಬೇಕಾದದ್ದೇ ಆಗಿರುತ್ತಿತ್ತು. ಎದೆಯ ಕಾಯಿಲೆಯಲ್ಲಿ ಅವನು ಸತ್ತ ಮೇಲೂ ಜನ ಬಾಗಿಲು ತಟ್ಟುವುದು ನಿಲ್ಲಲಿಲ್ಲ. ಸುದ್ದಿ ಗೊತ್ತಿಲ್ಲದ ದರ್ಜಿಯೊಬ್ಬ ಬಂದು, ಅಂಗಡಿಯ ಹಿಂದಿನ ಕೋಣೆಗೆ ಲೈನ್ ಎಳೆಯಬೇಕಿತ್ತು ಎಂದ.

"ಅವರಿಲ್ಲ," ಅಂದಳು.

"ಯಾವಾಗ ಬರ್ತಾರೆ?"

"ಅವರು ಬರಲ್ಲ. ನಾನು ಬರ್ತೀನಿ ನಡೀರಿ."

ಗಂಡನ ಚೀಲ ಅವಳಿಗೆ ಹೊರಲಾಗದಷ್ಟು ಭಾರವಿತ್ತು. ಅದನ್ನು ಅಡುಗೆಮನೆಯ ನೆಲದ ಮೇಲೆ ಸುರುವಿ, ಬೇಕಾದದ್ದನ್ನು ಒಂದು ಕಡೆ, ಬೇಡದ್ದನ್ನು ಒಂದು ಕಡೆ ಮಾಡಿದಳು. ಕೊನೆಗೆ ಚೀಲಕ್ಕೆ ವಾಪಸು ಹೋದದ್ದು ಕಡಿಮೆ. ಸೀಲಿಂಗಿನ ಮೇಲೆ ಉದ್ದಕ್ಕೆ ತಳ್ಳಲು ಒಂದಕ್ಕೊಂದು ಜೋಡಿಸುವ ಫೈಬರ್ ರಾಡುಗಳು. ಗೋಡೆಯೊಳಗಿನ ಪೈಪಿನ ತಿರುವುಗಳಿಗೆ, ಚಕ್ರದಲ್ಲಿ ಸುತ್ತಿಟ್ಟ ಉಕ್ಕಿನ ಪಟ್ಟಿ. ಟೊಳ್ಳು ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿಬಿಡಲು ಸಣ್ಣ ಮಣಿಗಳ ಸರಪಳಿ, ಕೆಳಗಿನ ತೂತಿನಲ್ಲಿ ಅದನ್ನು ಸೆಳೆದುಕೊಳ್ಳಲು ಕೋಲಿಗೆ ಕಟ್ಟಿದ ಅಯಸ್ಕಾಂತ. "ದೂರ ಹೋಗೋಕೆ ಒಂದು, ಬಳುಕೋಕೆ ಒಂದು, ಬೀಳೋಕೆ ಒಂದು," ಎಂದು ಹೇಳುತ್ತಿದ್ದಳು. "ಇನ್ನೆಲ್ಲ ಬೆನ್ನುನೋವು."

ಯಾವ ಮನೆಗೆ ಹೋದರೂ ಚೀಲದ ಬಾಯಿ ಬಿಚ್ಚುವ ಮೊದಲು ಗೋಡೆಯನ್ನು ತಟ್ಟಿ ನೋಡುತ್ತಿದ್ದಳು. ನಡುಬೆರಳನ್ನು ಮಡಿಸಿ, ಅದರ ಗಿಣ್ಣಿನಿಂದ ತಟ್ಟಿ, ಕಿವಿ ಆನಿಸಿ ಕೇಳಬೇಕು. ಒಳಗೆ ಬರಿದಾಗಿದ್ದರೆ ಸರಪಳಿ. ಹತ್ತಿಯಂಥದು ಏನಾದರೂ ತುಂಬಿದ್ದರೆ ಸರಪಳಿ ಅಲ್ಲೇ ಕೂತುಬಿಡುತ್ತದೆ. ಆಗ ರಾಡು ಬೇಕು. ಉಕ್ಕಿನ ಪಟ್ಟಿಯನ್ನಂತೂ ಮೇನ್ ಸ್ವಿಚ್ಚು ತೆಗೆದು, ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡ ಮೇಲೇ ಮುಟ್ಟುವುದು. ಮನೆಯೊಡೆಯರು ಫ್ರಿಜ್ಜು ಕರಗಿತು ಎಂದು ಗೊಣಗಿದರೆ, "ನಾನು ಕರಗೋದು ಬೇಡ ಅಂತ," ಅನ್ನುತ್ತಿದ್ದಳು.

ಒಂದೇ ತೊಂದರೆ. ಈ ಕೆಲಸ ಒಬ್ಬರಿಂದ ಆಗುವುದಿಲ್ಲ. ಈಚೆಯಿಂದ ಒಬ್ಬರು ತಳ್ಳಿದರೆ ಆಚೆಯಿಂದ ಒಬ್ಬರು ಹಿಡಿಯಬೇಕು. ಕೂಲಿಗೆ ಬಂದವರು ಯಾರೂ ನಿಲ್ಲಲಿಲ್ಲ. ಹೆಂಗಸಿನ ಕೈಕೆಳಗೆ ಅಂತ ಒಬ್ಬ ಬಿಟ್ಟ. ಸಿಗರೇಟಿಗೆ ಹೋದವನು ಹಾಗೇ ಹೋದ ಇನ್ನೊಬ್ಬ. ಮಗಳ ಮದುವೆಯಾಗಿ, ಅಳಿಯ ಕೆಲಸ ಮಾಡುತ್ತಿದ್ದ ಬಿಸ್ಕತ್ತಿನ ಕಾರ್ಖಾನೆಗೆ ಬೀಗ ಬಿದ್ದದ್ದು ಅದೇ ಸಮಯಕ್ಕೆ. "ನಿನಗೆ ಬೇರೆ ಕೆಲಸ ಸಿಗೋವರೆಗೂ ಆಚೆ ಕಡೆ ನಿಂತ್ಕೋ ಬಾಪ್ಪ," ಅಂದಳು ಅತ್ತೆ. ಅವನಿಗೆ ಬೇರೆ ಕೆಲಸ ಸಿಗಲೇ ಇಲ್ಲ, ಅಥವಾ ಅವನು ಹುಡುಕಲಿಲ್ಲ.

---

ಬೆಳಿಗ್ಗೆ ಮುಂದಿನ ಕೋಣೆಯಲ್ಲಿ ಜನ ಸೇರತೊಡಗಿದರು. ಎದುರುಮನೆಯವರು ಕುರ್ಚಿಗಳನ್ನು ಕಳಿಸಿದ್ದರು. ಬಂದವರಲ್ಲಿ ಹೆಚ್ಚಿನವರನ್ನು ಮಗಳು ನೋಡಿಯೇ ಇರಲಿಲ್ಲ. ಒಬ್ಬರು ವಕೀಲರಂತೆ, ಅವರ ಕಚೇರಿಗೆಲ್ಲ ವೈರಮ್ಮನೇ ಲೈನ್ ಎಳೆದದ್ದಂತೆ. ಅಮ್ಮನನ್ನು ಕೆಲಸದ ಕಡೆ ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ.

ಹಾರ್ಡ್‌ವೇರ್ ಅಂಗಡಿಯವನು ಕುರ್ಚಿಯಲ್ಲಿ ಹಿಡಿಸದ ಆಳು. ಟೀ ಲೋಟ ಹಿಡಿದು ಅಂಚಿನಲ್ಲಿ ಕೂತಿದ್ದ.

"ಯಾರ ಜೊತೆಗೂ ವೈರ ಕಟ್ಕೊಳ್ಳದ ವೈರಮ್ಮ," ಅಂದ. "ಆದ್ರೆ ನಿಜ ಹೇಳ್ತೀನಿ, ಅವರು ಅಂಗಡಿಗೆ ಬರೋದು ಕಂಡ್ರೆ ನಾನು ಹೊಸ ಮಾಲು ಒಳಗೆ ಇಟ್ಟುಬಿಡ್ತಿದ್ದೆ."

"ಯಾಕಪ್ಪ?" ಚಿಕ್ಕಮ್ಮ ಕೇಳಿದಳು.

"ಒಂದೊಂದೇ ರಾಡು ತೆಗೆದು ಬಗ್ಗಿಸಿ ಕಿವಿ ಹತ್ರ ಹಿಡ್ಕೊಳ್ಳೋರು. ಟಿಕ್ ಅಂದ್ರೆ ಒಳಗೆ ನಾರು ಬಿಟ್ಟಿದೆ ಅಂತ ಲೆಕ್ಕ. ಕೈ ಬಿಟ್ಟ ಮೇಲೆ ನೆಟ್ಟಗೆ ನಿಲ್ಲಬೇಕು, ನಿಲ್ಲಲಿಲ್ಲ, ಪಕ್ಕಕ್ಕೆ. ಆಮೇಲೆ ಬಟ್ಟೆ ಹಾಕಿ ಸವರಿ ನೋಡೋರು, ಸಿಬಿರು ಎದ್ದಿದ್ಯಾ ಅಂತ. ಇಡೀ ಕಟ್ಟು ಬಿಚ್ಚಿ ಒಂದೋ ಎರಡೋ ತಗೊಂಡು ಹೋಗೋರು."

"ಉಳಿದಿದ್ದು?"

"ಉಳಿದಿದ್ದನ್ನ ಉಳಿದೋರಿಗೆ ಮಾರ್ತಿದ್ದೆ."

ಕೋಣೆಯಲ್ಲಿದ್ದವರು ನಕ್ಕರು. ವಕೀಲರು ಕೂಡ ನಕ್ಕರು. ಅಂಗಡಿಯವನಿಗೆ ಹುರುಪು ಬಂತು.

"ಅಳಿಯಂದಿರು ಮೊದಲನೇ ಸಲ ಬಂದಾಗ ಒಂದು ದೊಡ್ಡ ಪೆಟ್ಟಿಗೆ ಸೆಟ್ಟು ಎತ್ಕೊಂಡ್ರು. ಕೊಕ್ಕೆಗಳು, ದೀಪ ಹತ್ತೋ ತುದಿ, ಏನೇನೋ ಇತ್ತು. ವೈರಮ್ಮ 'ಇದ್ರಲ್ಲಿ ನಿನಗೆ ಗೊತ್ತಿರೋದು ಯಾವುದು?' ಅಂದ್ರು. ಅವರು 'ಯಾವುದೂ ಗೊತ್ತಿಲ್ಲ' ಅಂದ್ರು. 'ಹಾಗಾದ್ರೆ ವಾಪಸ್ ಇಡು. ಬೆಳಕಿರೋದು ಕಣ್ಣಿಗೆ ಚೆಂದ. ಸೀಲಿಂಗಲ್ಲಿ ನಿನ್ನ ಕೈಗೆ ಕಾಣಬೇಕು' ಅಂತ ಇವರು. ಅಲ್ಲೇ ಕೌಂಟರ್ ಮುಂದೆ ಕಣ್ಣು ಮುಚ್ಚಿಸಿ, ರಾಡು ಕೊಟ್ಟು, ತುದಿಗೆ ತಾವು ಏನೇನೋ ತಾಗಿಸಿ 'ಏನು ತಗುಲ್ತು? ಮರಾನಾ, ತಗಡಾ?' ಅಂತ ಕೇಳೋರು. ಗಿರಾಕಿಗಳೆಲ್ಲ ನಿಂತು ನೋಡ್ತಿದ್ರು. ಅದೇ ಪಾಠಾನ ಈಗ ಮೊಮ್ಮಗಳಿಗೆ..." ಟೀ ಗುಟುಕರಿಸಿ ಮುಂದುವರಿಸಿದ. "ಕೌಂಟರ್ ಮೇಲೆ ಕೂರಿಸಿಬಿಡೋರು. ಮಣಿ ಸರಪಳಿ ಕೈಗೆ ಕೊಟ್ಟು, ಜಗ್ಗಿ ನೋಡು ಪುಟ್ಟಿ, ಕಿತ್ತುಬರುತ್ತಾ ಅಂತ. ಬಲು ಚೂಟಿ ಮಗು."

"ಯಾರ ಮೊಮ್ಮಗಳು?" ಮಗಳು ಕೇಳಿದಳು.

"ಅಮ್ಮೋರದು."

"ನನಗೆ ಮಕ್ಕಳಿಲ್ಲ. ನಾನೊಬ್ಬಳೇ ಮಗಳು."

ಅಂಗಡಿಯವನು ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಅತ್ತಿತ್ತ ನೋಡಿದ. "ಅಜ್ಜಿ ಅಂತಿತ್ತು ತಾಯಿ ಆ ಮಗು. ಅಳಿಯಂದಿರ ಮಗು ಅಲ್ವಾ, ನಾನು ನಿಮ್ಮದೇ..." ಅಂದವನು ಅಲ್ಲಿಗೇ ನಿಲ್ಲಿಸಿದ.

ಮಗಳು ಎದ್ದು ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸಿಕೊಂಡು ಒಳಗೆ ಹೋದಳು. ಚಿಕ್ಕಮ್ಮ ಹಿಂದೆಯೇ ಬಂದಳು.

"ನಿನಗೆ ಗೊತ್ತಿತ್ತಾ?"

ಚಿಕ್ಕಮ್ಮ ಸಿಂಕಿನ ನಲ್ಲಿ ತಿರುಗಿಸಿದಳು. "ಅವನು ಮತ್ತೆ ಮದುವೆ ಆಗಿದಾನೆ ಅನ್ನೋದು ಗೊತ್ತಿತ್ತು. ಮಗು ವಿಷಯ ಒಂದು ಸಲ ಬಾಯಿ ತಪ್ಪಿ ಅಂದಿದ್ಲು. ನಾನು ಕೆದಕಲಿಲ್ಲ."

---

ಮಗಳೂ ಅಳಿಯನೂ ಬೇರೆಯಾದದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಅವನು ಕುಡಿಯುತ್ತಿರಲಿಲ್ಲ, ಕೈಯೆತ್ತುತ್ತಿರಲಿಲ್ಲ. ಮನೆಯಲ್ಲಿ ಅವನು ಮಾತನಾಡುತ್ತಿರಲಿಲ್ಲ, ಅಷ್ಟೆ. ಒಮ್ಮೆ ಮಗಳು ಅವರು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಊಟ ಕೊಡಲು ಹೋಗಿದ್ದಳು. ಮೆಟ್ಟಿಲು ಹತ್ತುವಾಗಲೇ ಗಂಡನ ನಗು ಕೇಳಿಸಿತು. ಅವನು ಗೋಡೆಯ ಈಚೆಗೆ, ಅಮ್ಮ ಆಚೆಗೆ. ತಡಿ, ಬಿಡು, ಸಿಕ್ತು ಎಂಬ ಮಾತುಗಳ ನಡುವೆ ಇಬ್ಬರೂ ಏನೇನೋ ಹರಟುತ್ತಿದ್ದರು. ಅವಳು ಬಾಗಿಲಲ್ಲಿ ನಿಂತದ್ದನ್ನು ಕಂಡ ಕೂಡಲೇ ಅವನ ಬಾಯಿ ಕಟ್ಟಿತು.

"ನನಗೂ ನಿನಗೂ ನಡುವೆ ಒಂದು ಗೋಡೆ ಕಟ್ಟಿಸಲಾ? ಆಗಲಾದ್ರೂ ಮಾತಾಡ್ತೀಯಾ?" ಎಂದು ಆ ಸಂಜೆ ಕೇಳಿದಳು.

ಕೋರ್ಟಿನ ಕೆಲಸ ಮುಗಿದ ಮೇಲೆ ಅವಳು ಅಮ್ಮನ ಮನೆಗೆ ಬಂದಳು. ವಾರ ಕಳೆಯುವುದರೊಳಗೆ ಗೊತ್ತಾಯಿತು, ಅಮ್ಮ ಇನ್ನೂ ಅವನ ಜೊತೆಯಲ್ಲೇ ಕೆಲಸಕ್ಕೆ ಹೋಗುತ್ತಿದ್ದಾಳೆ.

"ನಾನು ಬಿಟ್ಟೋನನ್ನ ನೀನು ಇಟ್ಕೊಂಡಿದೀಯಲ್ಲಮ್ಮ."

"ನೀನು ಬಿಟ್ಟಿದ್ದು ಗಂಡನ್ನ. ನನಗೆ ಆಚೆ ಕಡೆ ನಿಲ್ಲೋರು ಬೇಕು," ಅಂದಳು ಅಮ್ಮ. "ನಾನು ಏಣಿ ಮೇಲೆ ಇರುವಾಗ ಹೇಳದೆ ಸ್ವಿಚ್ಚು ಹಾಕದೇ ಇರೋನು ಬೇಕು. ಅಂಥೋನು ಸಿಗೋದು ಕಷ್ಟ. ಗಂಡಂದಿರು ಸಿಗ್ತಾರೆ."

ಮಗಳು ಆ ಬೇಸಿಗೆಯೆಲ್ಲ ಅಮ್ಮನ ಜೊತೆ ಮಾತು ಬಿಟ್ಟಳು. ಆಮೇಲೆ ಒಂದು ಕರಾರಿನ ಮೇಲೆ ರಾಜಿಯಾಯಿತು. ಈ ಮನೆಯಲ್ಲಿ ಅವನ ಹೆಸರು ಬರಕೂಡದು, ಅವನ ಸುದ್ದಿ ಬರಕೂಡದು. ಅಮ್ಮ ಮಾತು ಉಳಿಸಿಕೊಂಡಳು. ಹೇಳಲೇಬೇಕಾದಾಗ "ಆಚೆ ಕಡೆಯವರು" ಅನ್ನುತ್ತಿದ್ದಳು. ಆಚೆ ಕಡೆಯವರಿಗೆ ನೆಗಡಿ, ಇವತ್ತು ಕೆಲಸವಿಲ್ಲ. ಆಚೆ ಕಡೆಯವರು ಬೇಗ ಹೋದರು, ಅದಕ್ಕೆ ನಾನೂ ಬೇಗ ಬಂದೆ. ಬರುಬರುತ್ತ ಮಗಳಿಗೆ ಆಚೆ ಕಡೆಯವರು ಎಂದರೆ ಮುಖವಿಲ್ಲದ ಯಾರೋ ಒಬ್ಬರು ಎನ್ನುವ ಹಾಗೆ ಆಗಿಹೋಗಿತ್ತು.

ಒಂದು ಸಲ, ಮತ್ತೊಂದು ಮದುವೆಯ ಮಾತು ಬಂದು ಅವಳು ಬೇಡವೆಂದಾಗ, "ನಿನಗೆ ಮೊಮ್ಮಕ್ಕಳ ಆಸೆ ಇಲ್ವೇನಮ್ಮ?" ಎಂದು ತಾನೇ ಕೇಳಿದ್ದಳು. ಅಮ್ಮ ಬಟ್ಟೆ ಮಡಿಸುತ್ತ, "ಏಣಿ ಹತ್ತೋದೇ ಸಾಕಾಗಿದೆ ನನಗೆ," ಅಂದಿದ್ದಳು. ಆ ರಾತ್ರಿ ಮಗಳು ಹಗುರವಾಗಿ ಮಲಗಿದ್ದಳು.

---

ಅವನು ಬಂದಾಗ ಮೆಟ್ಟಿಲ ಮೇಲಿದ್ದವರು ಸರಿದು ದಾರಿ ಬಿಟ್ಟರು. ಒಗೆದ ಅಂಗಿ, ಕೆಲಸದ ಪ್ಯಾಂಟು. ಕಿವಿಯ ಮೇಲೆಲ್ಲ ಕೂದಲು ಬೆಳ್ಳಗಾಗಿತ್ತು. ಅತ್ತೆಯ ಕಾಲ ಬಳಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದ.

ಕಿಟಕಿಯಿಂದ ಕೆಳಗಿನ ಬೀದಿ ಕಾಣುತ್ತಿತ್ತು. ಎದುರಿನ ಬೆಂಚಿನ ಮೇಲೆ ಒಬ್ಬ ಹೆಂಗಸು, ಪಕ್ಕದಲ್ಲಿ ಹಳದಿ ಸ್ವೆಟರಿನ ಹುಡುಗಿ. ಹುಡುಗಿ ಬೆಂಚಿನ ಮೇಲೆ ನಿಂತು ಇಳಿದು ನಿಂತು ಇಳಿದು ಮಾಡುತ್ತಿತ್ತು.

"ಅವರೇನಾ?" ಮಗಳು ಕೇಳಿದಳು.

"ಹೂಂ. ಮೇಲೆ ಕರ್ಕೊಂಡು ಬರಲಾ ಅಂತ ಕೇಳೋಣ ಅಂತ ಬಂದೆ."

"ಬೇಡ."

"ಸರಿ."

ಅವಳು ಲೋಟ ತೊಳೆಯುತ್ತಿದ್ದಳು. ತೊಳೆದದ್ದನ್ನೇ ಮತ್ತೆ ತೊಳೆದಳು. "ಭಾನುವಾರ ಆಫೀಸುಗಳು ಖಾಲಿ ಇರ್ತವೆ, ಸೀಲಿಂಗ್ ಬಿಚ್ಚೋಕೆ ಅದೇ ಸರಿಯಾದ ದಿನ ಅಂತಿದ್ಲು ಅಮ್ಮ. ಪ್ರತಿ ಭಾನುವಾರ ಹೋಗ್ತಿದ್ಲು."

"ಮೊದಲೆಲ್ಲ ಕೆಲಸವೇ ಇರ್ತಿತ್ತು. ಆಮೇಲೆ ಇವಳಿಗೆ ಬೇಕರೀಲಿ ಭಾನುವಾರದ ಪಾಳಿ ಬಿತ್ತು. ನನಗೂ ಆಗ ಬೇರೆ ಕಡೆ ರಿಪೇರಿ ಕೆಲಸ. ಮಗು ನೋಡ್ಕೊಳ್ಳೋರು ಇರಲಿಲ್ಲ. ಇವಳಿಗೆ ತಾಯಿ ಇಲ್ಲ. ಅತ್ತೆ ನಾನೇ ಬರ್ತೀನಿ ಅಂದ್ರು."

"ನೀನು ಬೇಡ ಅನ್ನಲಿಲ್ಲ."

"ಅನ್ನಲಿಲ್ಲ."

"ನನಗೆ ಹೇಳಬೇಕು ಅಂತ ಯಾರಿಗೂ ಅನಿಸಲಿಲ್ಲ."

"ಅವರಿಗೆ ಅನಿಸ್ತಿತ್ತು. ಊಟಕ್ಕೆ ಕೂತಾಗೆಲ್ಲ, ಈ ವಾರ ಹೇಳ್ತೀನಿ ಅನ್ನೋರು. ಆಮೇಲೆ, ಅವಳಿಗೆ ಕ್ಲಿನಿಕ್ಕಲ್ಲಿ ಏನೋ ಬೇಜಾರಾಗಿದೆ, ಮುಂದಿನ ವಾರ ನೋಡೋಣ ಅನ್ನೋರು. ಕರಾರು ಹಾಕಿದೋಳು ಅವಳು, ಅವಳೇ ತೆಗೀಬೇಕು ಅಂತಾನೂ ಒಂದೊಂದು ಸಲ."

"ಅದನ್ನ ನನ್ನ ತಲೆಗೆ ಕಟ್ಟಬೇಡ."

"ಕಟ್ತಿಲ್ಲ."

ನಲ್ಲಿಯನ್ನು ನಿಲ್ಲಿಸಿದಳು. ನೀರಿನ ಸದ್ದು ಹೋದ ಮೇಲೆ ಅಡುಗೆಮನೆ ತೀರ ಸಣ್ಣದಾಯಿತು. "ನಿನ್ನೆ ಏನಾಯ್ತು, ಸರಿಯಾಗಿ ಹೇಳು. ಫೋನಲ್ಲಿ ನನಗೆ ಏನೂ ಕೇಳಿಸಲಿಲ್ಲ."

ಅವನು ಬಾಗಿಲ ಚೌಕಟ್ಟನ್ನು ನೋಡುತ್ತ ಹೇಳಿದ. ಶಾಲೆಯ ಕಂಪ್ಯೂಟರ್ ಕೋಣೆಗೆ ಕೇಬಲ್ ಎಳೆಯುವ ಕೆಲಸ. ನಡುವೆ ಹಳೆಯ ದಪ್ಪ ಗೋಡೆ, ಮೇಲೆ ಸೀಲಿಂಗು. ಸರಪಳಿ ಸಾಲದು, ಪಟ್ಟಿ ಬೇಡ, ರಾಡೇ ಸರಿ ಎಂದು ಅತ್ತೆಯೇ ಬೆಳಿಗ್ಗೆ ಗೋಡೆ ತಟ್ಟಿ ನೋಡಿ ಆರಿಸಿದ್ದಳು. ರಾಡಿನ ತುದಿಗೆ ದಾರ ಕಟ್ಟಿ ಅವನು ಈಚೆಯಿಂದ ತಳ್ಳಿದ.

"ಸಿಕ್ತು ಅಂದ್ರು. ದಾರ ಬಿಚ್ಕೊಂಡ್ರು, ನಾನು ರಾಡು ವಾಪಸ್ ಎಳ್ಕೊಂಡೆ. ಇನ್ನು ದಾರಕ್ಕೆ ಕೇಬಲ್ ಕಟ್ಟಿದ್ದೀನಿ, ಅವರು ಎಳೀಬೇಕು. ಎಳೀಲಿಲ್ಲ. ನೀರು ಕುಡೀತಿರಬಹುದು ಅಂದ್ಕೊಂಡೆ. ಮೆಲ್ಲಗೆ ದಾರ ಜಗ್ಗಿ ನೋಡಿದೆ. ಬಿಗಿಯಾಗಿತ್ತು. ಇದಾರೆ ಅಂದ್ಕೊಂಡೆ."

"ಬಿದ್ದಿದ್ಲಾ?"

"ಇಲ್ಲ. ಇಳಿದು ಬಂದು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ರು. ತಲೆ ಗೋಡೆಗೆ ಆನಿಸಿಕೊಂಡು. ದಾರಾನ ಕೈಗೆ ಸುತ್ಕೊಂಡಿದ್ರು. ನಾನು ಗೋಡೆ ಬಡಿದು, ಕರೆದು, ಸುತ್ತು ಹಾಕ್ಕೊಂಡು ಹೋಗೋವರೆಗೂ ಅದು ಬಿಗಿಯಾಗೇ ಇತ್ತು."

ಅವಳು ಕೈ ಒರೆಸಿಕೊಂಡಳು. "ಸ್ಮಶಾನಕ್ಕೆ ಅವರನ್ನ ಕರ್ಕೊಂಡು ಬರೋದು ಬಿಡೋದು ನಿನ್ನಿಷ್ಟ. ನನ್ನ ಎದುರಿಗೆ ಬೇಡ."

"ಹಿಂದೆ ನಿಂತಿರ್ತೀವಿ," ಅಂದ ಅವನು.

---

ಸ್ಮಶಾನದ ವ್ಯಾನಿನವರು ಶವಪೆಟ್ಟಿಗೆಯನ್ನು ಖಾಲಿಯಾಗಿ ತರುವಾಗ ನೆಟ್ಟಗೆ ಎತ್ತಿ ತಂದಿದ್ದರು. ಅಮ್ಮನನ್ನು ಮಲಗಿಸಿ ಮುಚ್ಚಿದ ಮೇಲೆ, ಮಹಡಿ ಮೆಟ್ಟಿಲ ತಿರುವಿನಲ್ಲಿ ಅದು ಸಿಕ್ಕಿಕೊಂಡಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು.

"ನೆಟ್ಟಗೆ ನಿಲ್ಲಿಸಿ ಇಳಿಸೋಣ," ಅಂದ ವ್ಯಾನಿನವನು. "ಎಲ್ಲ ಕಡೆ ಹಾಗೇ ಮಾಡೋದು."

"ನಿಲ್ಲಿಸಬೇಡಿ," ಅಂದಳು ಮಗಳು.

"ಮತ್ತೆ ಹೇಗಮ್ಮ?"

ಅಳಿಯ ಕೆಳಗಿನ ಮೆಟ್ಟಿಲುಗಳಲ್ಲಿದ್ದ. ಗೋಡೆಯಿಂದ ಕಂಬಿಯವರೆಗೆ ಗೇಣು ಹಾಕಿ ಅಳೆದ. ಪೆಟ್ಟಿಗೆಯ ಅಡಿಗೆ ಕೈ ಹಾಕಿ ನೋಡಿದ. "ಕಾಲಿನ ಕಡೆ ಕಂಬಿ ಮೇಲಿಂದ ಆಚೆ ಬರಲಿ, ನಾನು ಕೆಳಗೆ ಹಿಡ್ಕೋತೀನಿ. ತಲೆ ಕಡೆಯವರು ಗೋಡೆಗೆ ಒತ್ತಿಕೊಂಡು ತಿರುಗಿಸಿ. ಎತ್ತಬೇಡಿ, ಜಾರಿಸಿ."

ತಲೆಯ ಕಡೆ ಒಬ್ಬ ವ್ಯಾನಿನವನ ಜೊತೆ ಮಗಳು ಕೈ ಹಚ್ಚಿದಳು. ಪೆಟ್ಟಿಗೆಯಿಂದಾಗಿ ಅವಳಿಗೆ ಕೆಳಗಿನದು ಏನೂ ಕಾಣುತ್ತಿರಲಿಲ್ಲ.

"ಬಿಡಲಾ?" ಅಂದಳು.

"ತಡಿ." ಕೆಳಗಿನಿಂದ ದನಿ ಬಂತು. "ಎಡಕ್ಕೆ ಸ್ವಲ್ಪ. ಇನ್ನೂ."

"ಈಗ?"

"ಬಿಡು. ಮೆಲ್ಲಗೆ. ಬಿಡು. ಸಿಕ್ತು."

ತಿರುವು ದಾಟಿತು. ಕೆಳಗಿನವರೆಗೂ ಅವರಿಬ್ಬರ ದನಿ ಬಿಟ್ಟರೆ ಬೇರೆ ಮಾತಿರಲಿಲ್ಲ. ಹಿಂದೆ ಬರುತ್ತಿದ್ದ ಚಿಕ್ಕಮ್ಮ ಕಣ್ಣೊರೆಸಿಕೊಂಡು, "ಇಷ್ಟು ಮಾತು ಆಗ ಆಡಿದ್ರೆ ಆಗ್ತಿತ್ತು," ಎಂದು ತನಗೇ ಹೇಳಿಕೊಂಡಳು.

ಬಾಗಿಲ ಹೊರಗೆ ಪೆಟ್ಟಿಗೆಯನ್ನು ಎರಡು ಸ್ಟೂಲುಗಳ ಮೇಲೆ ಇಳಿಸಿ ಎಲ್ಲರೂ ಉಸಿರು ತೆಗೆದುಕೊಂಡರು.

ಬೆಂಚಿನ ಮೇಲಿದ್ದ ಹುಡುಗಿ ತನ್ನ ಅಮ್ಮನ ಕೈ ತಪ್ಪಿಸಿಕೊಂಡು ಬೀದಿ ದಾಟಿ ಬಂತು. ಯಾರನ್ನೂ ಕೇಳಲಿಲ್ಲ. ಪೆಟ್ಟಿಗೆಯ ಬದಿಗೆ ಬಂದು, ನಡುಬೆರಳನ್ನು ಮಡಿಸಿ, ಗಿಣ್ಣಿನಿಂದ ತಟ್ಟಿ, ಹಲಗೆಗೆ ಕಿವಿ ಆನಿಸಿತು. ಸ್ವಲ್ಪ ಸರಿದು ಇನ್ನೊಂದು ಕಡೆ ತಟ್ಟಿತು. ಮತ್ತೆ ಕೇಳಿತು. ಹಿಂದೆಯೇ ಓಡಿಬಂದ ಬೇಕರಿಯ ಹೆಂಗಸು ಅದರ ಭುಜ ಹಿಡಿದು ಎಳೆದಳು.

"ಟೊಳ್ಳಿಲ್ಲ ಅಮ್ಮ," ಅಂದಿತು ಹುಡುಗಿ. "ಒಳಗೆ ಇದಾರೆ."

ಹೆಂಗಸು ತೀರಿಕೊಂಡವಳ ಮಗಳ ಮುಖ ನೋಡಿ, "ತಪ್ಪಾಯ್ತು, ಕೈ ಬಿಡಿಸ್ಕೊಂಡ್ಳು," ಎಂದಳು. ಹುಡುಗಿಯನ್ನು ಎತ್ತಿಕೊಂಡು ಮತ್ತೆ ಬೀದಿಯ ಆಚೆಗೆ ಹೋದಳು.

ಚಿಕ್ಕವಳಿದ್ದಾಗ ಮಗಳೂ ಹೀಗೆಯೇ ಮನೆಯ ಗೋಡೆಗಳನ್ನೆಲ್ಲ ತಟ್ಟಿಕೊಂಡು ತಿರುಗಿದ್ದಳು. ತೋರುಬೆರಳಿನಲ್ಲಿ ತಟ್ಟಿದರೆ ಅಮ್ಮ ಬಿಡುತ್ತಿರಲಿಲ್ಲ. ಬೆರಳನ್ನು ಬಿಡಿಸಿ, ನಡುಬೆರಳನ್ನು ಮಡಿಸಿ, "ಹೀಗೆ," ಅನ್ನುತ್ತಿದ್ದಳು.

---

ಮುಂಜಾನೆ ಸ್ಮಶಾನದ ಕಡೆ ಮಳೆಯಾಗಿತ್ತು. ಗುಂಡಿಯ ಸುತ್ತ ತೆಗೆದು ಹಾಕಿದ ಮಣ್ಣು ನೆನೆದು ಅಂಟಂಟಾಗಿತ್ತು. ಅಲ್ಲಿನ ಕೆಲಸಗಾರರು ಹಗ್ಗ ಬಿಟ್ಟು ಪೆಟ್ಟಿಗೆಯನ್ನು ಇಳಿಸಿದರು. ಅದು ತಳ ಮುಟ್ಟಿದ ಸದ್ದು ಕೇಳಿಸಿದ ಮೇಲೆ ಹಗ್ಗಗಳು ಮೇಲೆ ಬಂದವು.

ಗುದ್ದಲಿ ಹಿಡಿದವನು ವಯಸ್ಸಾದವನು. ದಿನವೂ ಹೇಳುವ ಮಾತನ್ನು ದಿನವೂ ಹೇಳುವ ದನಿಯಲ್ಲೇ ಹೇಳಿದ. "ಮನೆಯವರು ಮುಂದೆ ಬನ್ನಿ. ಮಕ್ಕಳು ಮೊದಲು."

ಮಗಳು ಬಾಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಅದು ಕೈಗೆ ಅಂಟಿಕೊಂಡಿತು, ಬೀಳಲಿಲ್ಲ. ಬೆರಳಿನಿಂದ ಬಿಡಿಸಿ ಹಾಕಬೇಕಾಯಿತು.

"ಮೊಮ್ಮಕ್ಕಳು ಇದಾರಾ?"

ಅಂಗಡಿಯವನು ಕೆಮ್ಮಿದ. ವಕೀಲರು ತಮ್ಮ ಕೊಡೆಯ ಹಿಡಿಯನ್ನು ನೋಡಿದರು. ಚಿಕ್ಕಮ್ಮ ಇಲ್ಲ ಎನ್ನಲು ಬಾಯಿ ತೆರೆದವಳು ಮಗಳ ಕಡೆ ನೋಡಿದಳು. ಹಿಂದೆ, ಮರದ ಬಳಿ, ಅಳಿಯ ತಲೆ ತಗ್ಗಿಸಿ ನಿಂತಿದ್ದ. ಬೇಕರಿಯ ಹೆಂಗಸು ಹುಡುಗಿಯನ್ನು ತನ್ನ ಮುಂದೆ ನಿಲ್ಲಿಸಿಕೊಂಡು, ಅದರ ಎರಡೂ ಭುಜಗಳನ್ನು ಹಿಡಿದಿದ್ದಳು.

ಗುದ್ದಲಿಯವನು ಉತ್ತರಕ್ಕೆ ಕಾಯುವವನಲ್ಲ. "ಇಲ್ಲದಿದ್ರೆ ಬಂಧುಗಳು..." ಎಂದು ಶುರುಮಾಡಿದ.

"ಇದ್ದಾಳೆ," ಅಂದಳು ಮಗಳು.

ಅವಳು ತಿರುಗಿ ಮರದ ಕಡೆ ನೋಡಿದಳು. ಕರೆಯಲು ಹೆಸರು ಗೊತ್ತಿರಲಿಲ್ಲ. ಮಣ್ಣಾದ ಕೈಯನ್ನು ಚೂರು ಎತ್ತಿ, ಬಾ ಎನ್ನುವಂತೆ ಬೆರಳು ಆಡಿಸಿದಳು.

ಬೇಕರಿಯ ಹೆಂಗಸು ಗಂಡನ ಮುಖ ನೋಡಿದಳು. ಅವನು ತಲೆಯೆತ್ತಲಿಲ್ಲ. ಅವಳೇ ಭುಜಗಳ ಮೇಲಿನ ಕೈ ತೆಗೆದಳು. ಹುಡುಗಿ ಜನರ ನಡುವಿನಿಂದ ನೇರವಾಗಿ ಹೊರಟಿತು. ಅರ್ಧ ದಾರಿಯಲ್ಲಿ ಕೆಸರು ಅದರ ಒಂದು ಬೂಟನ್ನು ಹಿಡಿದುಕೊಂಡಿತು. ಕಾಲು ಬಂತು, ಬೂಟು ಬರಲಿಲ್ಲ. ಹುಡುಗಿ ಕಾಲುಚೀಲದ ಕಾಲನ್ನು ಮೇಲಕ್ಕೆ ಮಡಿಸಿ, ಒಂಟಿಕಾಲಿನಲ್ಲಿ ಓಲಾಡುತ್ತ ನಿಂತುಬಿಟ್ಟಿತು.

ಮಗಳು ಹೋಗಿ ಕೆಸರಿನಲ್ಲೇ ಮಂಡಿಯೂರಿದಳು. ಬೂಟನ್ನು ಕಿತ್ತು, ಒಳಗೆ ಹೊಕ್ಕ ಮಣ್ಣನ್ನು ಬೆರಳಿನಿಂದ ತೆಗೆದಳು. ಲೇಸು ನೆನೆದು ಗಂಟು ಬಿಗಿದುಕೊಂಡಿತ್ತು. ಅದನ್ನು ಬಿಚ್ಚಲು ಹೊತ್ತು ಹಿಡಿಯಿತು.

"ನೀವ್ಯಾರು?" ಹುಡುಗಿ ಮೇಲಿನಿಂದ ಕೇಳಿತು.

ಅವಳು ಗಂಟಿನಲ್ಲೇ ಇದ್ದಳು. ಉತ್ತರ ಕೊಟ್ಟದ್ದು ಹಿಂದೆ ಬಂದು ನಿಂತ ಚಿಕ್ಕಮ್ಮ.

"ದೊಡ್ಡಮ್ಮ," ಅಂದಳು. "ಯಾವ ಕಡೆಯಿಂದ ಲೆಕ್ಕ ಹಾಕಿದ್ರೂ ದೊಡ್ಡಮ್ಮನೇ."

ಗುದ್ದಲಿಯವನು ಗುದ್ದಲಿಯ ಮೇಲೆ ಭಾರ ಹಾಕಿ ಕಾಯುತ್ತಿದ್ದ. ಮಗಳು ಬೂಟಿನ ಬಾಯಿಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದಳು. ಹುಡುಗಿ ಬೀಳದ ಹಾಗೆ ಅವಳ ತಲೆಯ ಮೇಲೆ ಅಂಗೈ ಊರಿ, ಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಕಾಲನ್ನು ಒಳಗೆ ತೂರಿಸಿತು.